ಸೌಟಕ್ಕ ಪಾತ್ರೆ ಬೋರಲು ಹಾಕಿದ್ದು

ಬಸ್ ಡಿಪೋದ ಕ್ಯಾಂಟೀನಿನಲ್ಲಿ ಒಂದು ಪಾತ್ರೆ ಇತ್ತು. ಗಬ್ಬದ ಎಮ್ಮೆಯ ಹೊಟ್ಟೆಯಷ್ಟು ದೊಡ್ಡದು. ಅದರಲ್ಲಿ ಬೆಳಗಿನಿಂದ ಟೊಮೆಟೊದ ಕೆಂಪು ರಸ ಕುದಿಯುತ್ತಿತ್ತು. ಬದನೆಯಾಗಲಿ, ಪಾಲಕ್ಕಾಗಲಿ, ಅಲ್ಲಿ ಬೆಂದ ತರಕಾರಿಯೆಲ್ಲ ಕೊನೆಗೆ ಆ ರಸದಲ್ಲಿ ಮುಳುಗಿಯೇ ಏಳಬೇಕು. ಪಾತ್ರೆ ತೊಳೆಯುವಾಗಲೂ ತಳದ ಹಳೇ ರಸವನ್ನು ಬೋಗುಣಿಗೆ ಬಗ್ಗಿಸಿಟ್ಟು, ಆಮೇಲೆ ಮತ್ತೆ ಅದನ್ನೇ ಸುರಿದು, ಮೇಲೆ ಇವತ್ತಿನದನ್ನು ಹಾಕುವುದು ಅಡುಗೆಯವಳ ಕ್ರಮ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಅದನ್ನು ಅವಳು ಹೆಪ್ಪು ಎಂದೇ ಕರೆಯುತ್ತಿದ್ದಳು. ಅವಳನ್ನು ಡಿಪೋದವರು ಸೌಟಕ್ಕ ಎಂದು ಕರೆಯುತ್ತಿದ್ದರು. ಮಾತಾಡುವಾಗಲೂ ಕೈಯ ಸೌಟು ಕೆಳಗಿಡುತ್ತಿರಲಿಲ್ಲ, ಜಗಳವಾಡುವಾಗಂತೂ ಇಡುವ ಮಾತೇ ಇಲ್ಲ.

ಹಿಂದೊಮ್ಮೆ ಮುಷ್ಕರವಾದಾಗ ಮ್ಯಾನೇಜರು ಕ್ಯಾಂಟೀನಿಗೆ ಬೀಗ ಜಡಿಯಲು ಬಂದಿದ್ದ. ಸೌಟಕ್ಕ ಪಾತ್ರೆಯನ್ನು ಹೆಪ್ಪಿನ ಸಮೇತ ಹೊರಗೆ ಹೊರಿಸಿ, ಗೇಟಿನ ಮುಂದೆ ಮೂರು ಕಲ್ಲು ಹೂಡಿ ಒಲೆ ಹಚ್ಚಿದಳು. ಆ ಗೇಟಿನಲ್ಲಿ ಗಂಟಲು ಹರಿದುಕೊಂಡವರು ಬೇಕಾದಷ್ಟು ಮಂದಿ ಇದ್ದರು. ಆದರೆ ಬರೀ ಗಂಟಲಿನ ಮೇಲೆ ಯಾವ ಮುಷ್ಕರವೂ ನಿಂತಿಲ್ಲ, ನಿಲ್ಲುವುದು ಹೊಟ್ಟೆಯ ಮೇಲೆ. ಗೆದ್ದು ಒಳಗೆ ಬಂದಾಗ ಪಾತ್ರೆಗೂ ಜೈಕಾರ ಬಿತ್ತು. ಅಂದಿನಿಂದ ಆ ಪಾತ್ರೆಯ ಬಗ್ಗೆ ಒಂದು ಮಾತು ಆಡಿದವನು ಉಪವಾಸ.

ಮಾತು ಆಡಿದ್ದು ಹೊರಗಿನವರಲ್ಲ, ಸ್ವಂತ ನಾದಿನಿ.

ಅವಳು ಅದೇ ಡಿಪೋದಲ್ಲಿ ಬಸ್ ಓಡಿಸುತ್ತಿದ್ದಳು. ಕೆಲವು ತಿಂಗಳಿಂದ ಮಧ್ಯಾಹ್ನದ ಊಟವಾದ ಮೇಲೆ ಅವಳ ಮುಖ ಕೆಂಪೇರುವುದು, ಕುತ್ತಿಗೆಯ ತುಂಬ ದದ್ದು ಏಳುವುದು, ಎದೆ ಡವಗುಟ್ಟುವುದು ಶುರುವಾಗಿತ್ತು. ಒಂದು ದಿನ ತಲೆ ಸುತ್ತಿ, ತುಂಬಿದ ಬಸ್ಸನ್ನು ರಸ್ತೆ ಬದಿಗೆ ಹಾಕಿ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಕೂತುಬಿಟ್ಟಳು. ಮ್ಯಾನೇಜರು ಬಸ್ಸಿನ ಬೀಗದ ಕೈ ಕಿತ್ತುಕೊಂಡು ಅವಳನ್ನು ಟಿಕೆಟ್ ಕಿಟಕಿಯಲ್ಲಿ ಕೂರಿಸಿದ. "ಮೊದಲು ಮೈ ಸರಿಮಾಡ್ಕೊಳ್ಳಿ. ಆಮೇಲೆ ಎಲ್ಲರ ಹಾಗೆ ಊಟ ಮಾಡಿ, ಪರೀಕ್ಷಕರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಮಧ್ಯಾಹ್ನದ ಪಾಳಿ ಪೂರ್ತಿ ಓಡಿಸಿ ತೋರಿಸಿ. ಅವತ್ತೂ ಹೀಗೇ ಆದ್ರೆ ಕಿಟಕೀನೇ ಖಾಯಂ."

ಆಸ್ಪತ್ರೆಯಲ್ಲಿ ಕಾರಣ ಸಿಕ್ಕಿತು. ಹಿಸ್ಟಮೀನ್ ಎನ್ನುವ ವಸ್ತು ಊಟದಲ್ಲೂ ಇರುತ್ತದೆ, ಹೆಚ್ಚಿನವರ ಹೊಟ್ಟೆ ಅದನ್ನು ಅಲ್ಲೇ ಮುರಿದು ಹಾಕುತ್ತದೆ, ಇವಳ ಹೊಟ್ಟೆಗೆ ಅದು ಆಗುವುದಿಲ್ಲ. ಟೊಮೆಟೊ, ಬದನೆ, ಪಾಲಕ್, ವಿನೆಗರ್ ಬೇಡ ಎಂದರು ಅಲ್ಲಿನ ಆಹಾರತಜ್ಞೆ. ಎಲ್ಲಕ್ಕಿಂತ ಮುಖ್ಯವಾಗಿ, ಮಾಡಿಟ್ಟ ಅಡುಗೆ ಬೇಡ. ಇಟ್ಟಷ್ಟೂ ಅದು ಹೆಚ್ಚುತ್ತದೆ, ಮತ್ತೆ ಕುದಿಸಿದರೆ ಹೋಗುವುದೂ ಇಲ್ಲ.

"ಹಿಸ್ಟಮೀನಾ? ನೀನು ಮೀನೇ ಮುಟ್ಟಲ್ವಲ್ಲೇ!" ಎಂದಳು ಸೌಟಕ್ಕ.

"ಮೀನಲ್ಲ ಅತ್ತಿಗೆ. ನಿಮ್ಮ ಪಾತ್ರೆ."

ಸೌಟಕ್ಕನ ಮುಖ ಸುಟ್ಟ ಬದನೆಕಾಯಿಯಾಯಿತು. ಇಷ್ಟು ವರ್ಷ ಡಿಪೋ ಸಾಕಿದ ಪಾತ್ರೆ ಈಗ ವಿಷವಾಯಿತೇ? ಮಾರನೆಯ ದಿನ ಸೋರೆಕಾಯಿಯನ್ನು ನೀರಲ್ಲಿ ಬೇಯಿಸಿ, ಉಪ್ಪು ತೋರಿಸಿ, ನಾದಿನಿಯ ಮುಂದೆ ಕುಕ್ಕಿದಳು. ಬಾಯಿಗೆ ಒದ್ದೆ ಬಟ್ಟೆ ತುರುಕಿದ ಹಾಗಿತ್ತು. ನಾದಿನಿ ಪೂರ್ತಿ ತಿಂದಳು. ಸಂಜೆ ಅವಳ ಕುತ್ತಿಗೆಯಲ್ಲಿ ಒಂದು ಗುಳ್ಳೆಯೂ ಇರಲಿಲ್ಲ. ಅದು ಸೌಟಕ್ಕನಿಗೆ ಬೈಗುಳಕ್ಕಿಂತ ಜೋರಾಗಿ ನಾಟಿತು. ಒಂದು, ಆಸ್ಪತ್ರೆಯವರು ಹೇಳಿದ್ದು ನಿಜ. ಇನ್ನೊಂದು, ತನ್ನ ಕೈಯ ಅಡುಗೆಯನ್ನು ಒಬ್ಬಳು ಔಷಧಿಯ ಹಾಗೆ ಕಣ್ಣು ಮುಚ್ಚಿ ನುಂಗಿದ್ದಳು.

ಸೌಟಕ್ಕ ಹಟಕ್ಕೆ ಬಿದ್ದು ನಾದಿನಿಗೆಂದೇ ಬೇರೆ ಸಣ್ಣ ಬಾಣಲೆ ಇಟ್ಟಳು. ಹುಳಿ ಇಲ್ಲದೆ, ಹಳತು ಇಲ್ಲದೆ ರುಚಿ ಎಲ್ಲಿಂದ ತರುವುದು? ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಬೆಲ್ಲದ ಬಣ್ಣ ಬರುವವರೆಗೆ ಬಾಡಿಸಿದಳು. ಸಿಹಿಗುಂಬಳದ ಹೋಳುಗಳನ್ನು ಕಾವಲಿಯ ಮೇಲೆ ಅಂಚು ಕಪ್ಪಾಗುವಂತೆ ಸುಟ್ಟಳು. ಕ್ಯಾರೆಟ್ಟನ್ನು ಬೇಯಿಸಿ ಅದರ ಜೊತೆ ರುಬ್ಬಿದಳು. ಖಾರಕ್ಕೆ ಶುಂಠಿ, ಘಮಕ್ಕೆ ಕೊತ್ತಂಬರಿ ಸೊಪ್ಪು. ಒಬ್ಬೊಬ್ಬರ ಮೈ ಒಂದೊಂದು ಥರವಂತೆ, ಅದಕ್ಕೆ ಒಂದೊಂದೇ ತರಕಾರಿ ಸೇರಿಸಿ, ನಾದಿನಿಯ ಕುತ್ತಿಗೆ ನೋಡಿ ಮುಂದಿನದಕ್ಕೆ ಕೈ ಹಾಕಿದಳು. ಅತ್ತೆಯಂದಿರು ಹೊಸ ಸೊಸೆಯ ಸರ ನೋಡುವಷ್ಟು ಗಮನವಿಟ್ಟು ನೋಡುತ್ತಿದ್ದಳು.

ಕೊನೆಗೊಂದು ದಿನ ನಾದಿನಿ ಬೆರಳು ನೆಕ್ಕಿದಳು. "ಅತ್ತಿಗೆ, ಇದು ಊಟ!" ಎಂದಳು. ಸೌಟಕ್ಕ ಹಿಗ್ಗಿ ಹೀರೇಕಾಯಿಯಾದಳು.

ಅದೇ ಸಂಜೆ ದದ್ದು ಎದ್ದಿತು.

"ಟೊಮೆಟೊ ಹಾಕಿಲ್ಲ, ಬದನೆ ಹಾಕಿಲ್ಲ, ಎಲ್ಲ ಆಗಷ್ಟೇ ಕತ್ತರಿಸಿದ್ದು! ನೀನೇ ಹೊರಗೆ ಏನೋ ಮೇದಿದೀಯ!"

"ನನ್ನ ಬೀಗದ ಕೈ ಹೋಗಿದೆ ಅತ್ತಿಗೆ. ನಾನ್ಯಾಕೆ ಮೇಯ್ಲಿ?" ನಾದಿನಿ ಕುತ್ತಿಗೆ ಕೆರೆದುಕೊಂಡಳು. "ನಾಡಿದ್ದೇ ಪರೀಕ್ಷೆ. ನಾಳೆ ನೀವು ಮಾಡೋವಾಗ ಪಕ್ಕದಲ್ಲೇ ನಿಂತಿರ್ತೀನಿ."

ಮಾರನೆಯ ದಿನ ನಿಂತಳು. ಗ್ರೀಸ್ ಮೆತ್ತಿದ ಕೈಯಲ್ಲಿ ಚಹಾ ಹಿಡಿದು ಮುದುಕ ಮೆಕ್ಯಾನಿಕ್ ಗ್ರೀಸಣ್ಣನೂ ಬಾಗಿಲಿಗೆ ಒರಗಿದ. ಎಲ್ಲ ಸರಿಯಾಗಿಯೇ ನಡೆಯಿತು. ಕೊನೆಗೆ ಸೌಟಕ್ಕ ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ನೆಕ್ಕಿದಳು, ಹುಬ್ಬು ಗಂಟಿಕ್ಕಿದಳು. ಮುಂದಿನದು ಅವಳಿಗೇ ತಿಳಿಯಲಿಲ್ಲ. ಸೌಟು ತಾನಾಗಿ ಪಕ್ಕದ ದೊಡ್ಡ ಪಾತ್ರೆಗೆ ಇಳಿದು, ತುಂಬಿಕೊಂಡು ವಾಪಸು ಬಂತು.

"ಅತ್ತಿಗೆ, ಅದೇನು?"

"ಏನು ಏನು?"

"ಕೈಯಲ್ಲಿ!"

ಸೌಟಕ್ಕ ನೋಡಿಕೊಂಡಳು. ಸೌಟಿನಿಂದ ಕೆಂಪು ರಸ ತೊಟ್ಟಿಕ್ಕುತ್ತಿತ್ತು.

ಗ್ರೀಸಣ್ಣ ಚಹಾ ಉಗುಳಿಕೊಂಡು ನಕ್ಕ. "ಕಳ್ಳನ್ನ ಮನೇಲಿಟ್ಕೊಂಡು ಊರೆಲ್ಲ ಹುಡುಕಿದ್ಯಲ್ಲಕ್ಕ!"

ಸೌಟಕ್ಕ ನಗಲಿಲ್ಲ. ಸಣ್ಣ ಬಾಣಲೆಯನ್ನು ಹಾಗೇ ಚರಂಡಿಗೆ ಬಗ್ಗಿಸಿದಳು. ಆಮೇಲೆ ದೊಡ್ಡ ಪಾತ್ರೆಯ ಒಂದು ಕಿವಿ ಹಿಡಿದಳು. "ಗ್ರೀಸಣ್ಣ, ಆ ಕಡೆ ಹಿಡಿ."

"ಅದನ್ನಾ? ತಲೆ ಕೆಟ್ಟಿದೆಯಾ? ಅದು ಮುಷ್ಕರದ ಪಾತ್ರೆ! ನಾವು ಗೆದ್ದಿದ್ದೇ ಅದರ ಮೇಲೆ!"

"ಪಾತ್ರೆ ಯಾವತ್ತಾದ್ರೂ ಘೋಷಣೆ ಕೂಗಿತ್ತಾ? ಗೆದ್ದಿದ್ದು ನಾವು. ಇದು ಇಲ್ಲಿದ್ರೆ ನನ್ನ ಕೈ ಅಲ್ಲಿಗೇ ಹೋಗುತ್ತೆ. ಕೈ ಕತ್ತರಿಸೋಕಾಗಲ್ಲ. ಹಿಡಿ ಅಂದ್ರೆ ಹಿಡಿ."

ವರ್ಷಗಳ ಹೆಪ್ಪು ಭಳಭಳನೆ ಚರಂಡಿಗೆ ಹೋಯಿತು. ಸೌಟಕ್ಕ ಸೀರೆ ಎತ್ತಿಕಟ್ಟಿ, ಪಾತ್ರೆಯೊಳಗೆ ಅರ್ಧ ಮೈ ಇಳಿಸಿ ಬೂದಿ ಹಾಕಿ ತಿಕ್ಕಿದಳು. ತಳದಲ್ಲಿ ಅವಳ ಮುಖವೇ ಕಂಡಿತು. "ಅಯ್ಯೋ, ಇದರ ತಳ ಇಷ್ಟು ಹೊಳೀತಿತ್ತಾ!" ಎಂದಳು ಒಳಗಿನಿಂದ.

ಪರೀಕ್ಷೆಯ ದಿನ ಅವಳು ಬೇರೆ ಬಾಣಲೆ ಇಡಲೇ ಇಲ್ಲ. ದೊಡ್ಡ ಪಾತ್ರೆಯಲ್ಲೇ ಇಡೀ ಡಿಪೋಗೆ ಒಂದೇ ಅಡುಗೆ: ಸುಟ್ಟ ಕುಂಬಳ, ಕ್ಯಾರೆಟ್, ಹೂಕೋಸು, ಮೇಲೆ ಅನ್ನ. ಸಾಲಿನಲ್ಲಿ ನಿಂತವರು ಗೊಣಗಿದರು. "ಕೆಂಪು ರಸ ಎಲ್ಲಿ ಅಕ್ಕಾ? ಆಸ್ಪತ್ರೆ ಊಟ ನಮಗೂ ಬಂತಾ?" ಸೌಟು ಮೇಲೆದ್ದಿತು. "ತಿಂದು ಮಾತಾಡಿ. ತಿನ್ನದೆ ಮಾತಾಡೋಕೆ ಮ್ಯಾನೇಜರಿದಾನೆ." ಮೊದಲ ತುತ್ತಿಗೆ ಗೊಣಗು ನಿಂತಿತು. ಎರಡನೇ ಸಲ ತಟ್ಟೆ ಚಾಚಿದವರಲ್ಲಿ ಗ್ರೀಸಣ್ಣನೇ ಮುಂದಿದ್ದ. ಪರೀಕ್ಷಕನೂ ಸದ್ದಿಲ್ಲದೆ ಅವನ ಹಿಂದೆ ಬಂದು ನಿಂತ. ನಾದಿನಿ ಎಲ್ಲರ ಹಾಗೆ ತಿಂದು, ಕೈ ತೊಳೆದು, ಬಸ್ ಹತ್ತಿದಳು.

ಆ ಮಧ್ಯಾಹ್ನ ಸೌಟಕ್ಕ ತೊಳೆದ ತಟ್ಟೆಗಳನ್ನೇ ಮತ್ತೆ ತೊಳೆದಳು. ಗೇಟಿನಲ್ಲಿ ಯಾವ ಹಾರ್ನ್ ಕೇಳಿದರೂ ಕಿಟಕಿಗೆ ಓಡಿದಳು. ಬಿಸಿಲು ಗ್ಯಾರೇಜಿನ ತಗಡಿನಿಂದ ಇಳಿದ ಹೊತ್ತಿಗೆ ಆ ಬಸ್ಸು ಬಂತು. ಗೇಟಿನ ತಿರುವನ್ನು ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ತೆಗೆದುಕೊಂಡು ಗೆರೆಯ ಮೇಲೆ ನಿಂತಿತು. ಪರೀಕ್ಷಕ ಇಳಿದವನೇ ಮ್ಯಾನೇಜರಿಗೆ, "ಕಿಟಕಿಗೆ ಬೇರೆಯವರನ್ನ ನೋಡ್ಕೊಳ್ಳಿ," ಎಂದ.

ಡಿಪೋದಲ್ಲಿ ನಿಂತಿದ್ದ ಬಸ್ಸುಗಳೆಲ್ಲ ಒಟ್ಟಿಗೆ ಹಾರ್ನ್ ಹೊಡೆದವು. ನಾದಿನಿ ಬೀಗದ ಕೈಯನ್ನು ಬೆರಳಲ್ಲಿ ಗಿರಗಿರ ತಿರುಗಿಸುತ್ತ ಕ್ಯಾಂಟೀನಿಗೆ ಬಂದಳು. ಸೌಟಕ್ಕ ಏನನ್ನೂ ಕೇಳದೆ ಅವಳ ಗಲ್ಲ ಹಿಡಿದು ಎತ್ತಿ, ಕುತ್ತಿಗೆಯನ್ನು ಬೆಳಕಿಗೆ ತಿರುಗಿಸಿದಳು. ಒಂದು ಚುಕ್ಕೆಯೂ ಇರಲಿಲ್ಲ.

"ಹೊಟ್ಟೆ ಹಸೀತಿದೆ ಅತ್ತಿಗೆ. ಮಧ್ಯಾಹ್ನದ್ದು ಏನಾದ್ರೂ ಮಿಕ್ಕಿದೆಯಾ?"

ಗೋಡೆಯ ಪಕ್ಕ ಪಾತ್ರೆ ಬೋರಲು ಬಿದ್ದು ಒಣಗುತ್ತಿತ್ತು. ಸೌಟಕ್ಕ ಸೌಟು ಎತ್ತಿ ಗದರಿದಳು.

"ಮಿಕ್ಕಿಲ್ಲ. ಮಿಕ್ಕಿದ್ರೂ ನಿನಗೆ ಕೊಡ್ತಿರಲಿಲ್ಲ. ಕೂತ್ಕೋ, ಕುಂಬಳಕಾಯಿ ಕುಯ್ತೀನಿ."