ಗಂಗೂಬಾಯಿಯವರ ಮಡಿ ಗಾಗಲ್

ಗಂಗೂಬಾಯಿಯವರು ಕಳ್ಳರಿಗೆ ಹೆದರುವವರಲ್ಲ, ಹಾವಿಗೂ ಹೆದರುವವರಲ್ಲ. ಹೆದರುವುದು ಎಂಜಲಿಗೆ ಮಾತ್ರ. ಮದುವೆಯಾಗಿ ಧಾರವಾಡದಿಂದ ಪುಣೆಯ ಕೋಥರೂಡಕ್ಕೆ ಬರುವಾಗ ತವರಿನಿಂದ ತಂದ ಈ ಹೆದರಿಕೆಯನ್ನು ಅರವತ್ತು ದಾಟಿದರೂ ಜೋಪಾನವಾಗಿ ಇಟ್ಟುಕೊಂಡಿದ್ದರು. ಸಾರಿನ ರುಚಿ ನೋಡಿದರೆ ಕೈ ತೊಳೆದು, ತಿರುಗಿಸಿದ ನಲ್ಲಿಯನ್ನೂ ತೊಳೆಯಬೇಕು. ಗಂಡ ರಾಘಣ್ಣ ತುಟಿಗೆ ತಾಗಿಸಿ ಚಹಾ ಕುಡಿಯುವ ಲೋಟಕ್ಕೆ ಬೇರೆಯೇ ಕಪಾಟು.

ಇಂಥವರು ಡಾಕ್ಟರ ಮಾತು ಕೇಳಿ ಮಂಡಿನೋವಿಗೆಂದು ಈಜುಕೊಳಕ್ಕೆ ಇಳಿದರು. ನೆಲದ ಮೇಲೆ ಗೋಡೆ ಹಿಡಿದು ನಡೆಯುವ ಹೆಂಗಸು ನೀರಿನಲ್ಲಿ ಹುಡುಗಿಯಾಗಿಬಿಟ್ಟರು. ಇಷ್ಟು ಸುಖ ಇಷ್ಟು ದಿನ ಎಲ್ಲಿತ್ತೋ ಎಂದು ಅವರಿಗೆ ಅಳುವೇ ಬರುತ್ತಿತ್ತು.

ತೊಂದರೆ ನೀರಿನಲ್ಲಿ ಕಣ್ಣಿಗೆ ಕಟ್ಟಿಕೊಳ್ಳುವ ಗಾಗಲಿನದು. ಸ್ವಲ್ಪ ಹೊತ್ತಿಗೇ ಒಳಗಿನಿಂದ ಹಬೆ ಹಿಡಿದು ಜಗತ್ತೆಲ್ಲ ಗಂಜಿಯಾಗುತ್ತಿತ್ತು. ಒಂದು ದಿನ ಏಣಿಯ ಕಂಬಿ ಎಂದು ಅವರು ಭದ್ರವಾಗಿ ಹಿಡಿದದ್ದು ಒಬ್ಬ ನಿವೃತ್ತ ಕರ್ನಲ್ ಸಾಹೇಬರ ಕಾಲು. ಸಾಹೇಬರು ಮರಾಠಿಯಲ್ಲಿ ಕಿರುಚಿದರು. ಈಜು ಕಲಿಸುವ ಹುಲಿಗೆಪ್ಪ ಓಡಿ ಬಂದ.

“ಬಾಯಾರ, ಇನ್ನೊಂದ್ಸಲ ಹಿಂಗಾತಂದ್ರ ನಿಮ್ಮನ್ನ ಸಣ್ಣ ಹುಡುಗರ ಕೊಳಕ್ಕ ಹಾಕ್ತೀನ್ರಿ.”

ಹುಡುಗರ ಕೊಳ ಮೊಣಕಾಲುದ್ದ! ಅಲ್ಲಿ ಕೂತು ಬಟ್ಟೆ ಒಗೆಯಬಹುದು ಅಷ್ಟೆ.

ಮನೆಗೆ ಬಂದವರೇ ಗಂಗೂಬಾಯಿ ಗಾಗಲಿನ ಗಾಜಿಗೆ ಆಲೂಗಡ್ಡೆ ತಿಕ್ಕಿದರು. ಹಬೆ ಹೋಗಲಿಲ್ಲ, ಪಲ್ಯದ ವಾಸನೆ ಬಂತು. ಪಾತ್ರೆ ಸಾಬೂನು ಬಳಿದರು. ಕಣ್ಣು ಕೆಂಪಗಾಗಿ ನೀರು ಧಾರೆಯಾಗಿ ಇಳಿಯಿತು.

“ಯಾಕ ಅಳ್ತಿ ಗಂಗೂ? ನಾ ಏನೂ ಅಂದಿಲ್ಲಲ್ಲ!” ಎಂದು ಗಾಬರಿಯಾದ ರಾಘಣ್ಣ ಸುಮ್ಮನೆ ಬೈಸಿಕೊಂಡರು.

ಮರುದಿನ ಕೊಳದ ದಂಡೆಯಲ್ಲಿ ಪಕ್ಕದ ಫ್ಲ್ಯಾಟಿನ ದೀಪಾಲಿ ಹೇಳಿದಳು, “ಕಾಕೂ, ಎಲ್ಲಾರೂ ಮಾಡೂದು ಒಂದ. ಗಾಜಿನೊಳಗ ಉಗುಳಿ, ಬೆರಳಿಂದ ಸವರಿ, ನೀರಾಗ ಅದ್ದಿ ಹಾಕ್ಕೋರಿ.”

“ಅಯ್ಯ ನಿನ್ನ! ಎಂಜಲಾ ಕಣ್ಣಿಗೇನ?”

“ನಿಮ್ಮದ ಅಲ್ಲೇನ್ರಿ?”

“ಯಾರದಾದ್ರೇನ, ಎಂಜಲಾ ಎಂಜಲಾನ!”

ಆದರೆ ಕರ್ನಲರು ಆಗಲೇ ನೀರಿನಲ್ಲಿದ್ದರು. ಹುಲಿಗೆಪ್ಪ ಇವರನ್ನೇ ನೋಡುತ್ತಿದ್ದ. ಗಂಗೂಬಾಯಿ ಗೋಡೆಯ ಕಡೆ ತಿರುಗಿ, ಟವೆಲ್ ಮರೆಮಾಡಿಕೊಂಡು, ದೇವರಲ್ಲಿ ತಪ್ಪಾಯಿತೆಂದು ಬೇಡಿ, ಗಾಜಿಗೆ ಉಗುಳಿದರು.

ಗಾಜು ಫಳಫಳ! ಕೊಳದ ತಳ ಕಂಡಿತು, ಏಣಿ ಕಂಡಿತು, ಕರ್ನಲರ ಕಾಲು ಕಾಲಾಗಿಯೇ ಕಂಡಿತು. ಖುಷಿಯಿಂದ ತಲೆ ಎತ್ತಿದರೆ ಎದುರಿಗೆ ದಪ್ಪ ಮನುಷ್ಯನೊಬ್ಬ ಬಾಯಿತುಂಬ ನೀರು ತುಂಬಿಕೊಂಡು ಪಿಚಕ್ಕನೆ ಬಿಡುತ್ತಿದ್ದ. ಅವನಾಚೆ ಒಬ್ಬಾಕೆ ಮುಕ್ಕಳಿಸುತ್ತಿದ್ದಳು. ಕರ್ನಲ್ ಸಾಹೇಬರು ಶಿಸ್ತಾಗಿ ನೀರಿಗೇ ಮೂಗು ಸೀಟಿದರು. ಇಷ್ಟು ದಿನ ಪುಣ್ಯಾತ್ಮ ಹಬೆ ಇದನ್ನೆಲ್ಲ ಮುಚ್ಚಿಟ್ಟಿತ್ತು.

ಮನೆಗೆ ಬಂದು ಎರಡೆರಡು ಸಲ ಸ್ನಾನ ಮಾಡಿ ಕೂದಲು ಒರೆಸುತ್ತ ಕೂತರು.

“ಕಾಣಸ್ತೇನ?” ರಾಘಣ್ಣ ಕೇಳಿದರು.

“ಎಲ್ಲಾ ಕಾಣಸ್ತ್ರೀ,” ಎಂದು ನಿಟ್ಟುಸಿರಿಟ್ಟರು.

“ಹಂಗಾರ ನಾಳೆ ಹೋಗೂದಿಲ್ಲ?”

ಗಂಗೂಬಾಯಿ ಎದ್ದು ಅಡುಗೆಮನೆಗೆ ನಡೆದರು. ಗೋಡೆ ಹಿಡಿಯಲಿಲ್ಲ ಎಂಬುದು ಒಲೆಯ ಮುಂದೆ ನಿಂತಮೇಲೆ ಅವರಿಗೇ ಗೊತ್ತಾಯಿತು.

ಮರುದಿನ ಕೊಳದ ದಂಡೆಯಲ್ಲಿ, ಯಾವ ಮರೆಯೂ ಇಲ್ಲದೆ, ಎಲ್ಲರೆದುರಿಗೇ ಗಾಗಲಿಗೆ ಥೂ ಎಂದು ಉಗುಳಿದರು. ದೀಪಾಲಿ ಬಾಯಿ ಬಿಟ್ಟು ನೋಡಿದಳು.

“ಇಡೀ ಕೊಳಾನ ಮಂದಿ ಎಂಜಲಾದ ಮ್ಯಾಲೆ, ನಂದೊಂದ ಯಾಕ ಕಡಿಮಿ ಇರಬೇಕವಾ?” ಎಂದವರೇ ಧುಮುಕಿದರು.