ಕಪ್ಪು ಪರದೆಯ ಎದುರು ಕೂತ ಸೊಸೆ

ಸ್ವಲ್ಪ ಹತ್ತಿರ ಬನ್ನಿ, ಇದು ನಮ್ಮನಮ್ಮಲ್ಲೇ ಇರಲಿ. ಪಕ್ಕದ ಮನೆ ಸುಶೀಲಾಬಾಯಿಯ ಸೊಸೆ ರೇಖಾ ಬೆಳಿಗ್ಗೆಯಿಂದ ಬಾಗಿಲು ಹಾಕಿಕೊಂಡು ಕಂಪ್ಯೂಟರಿನ ಕಪ್ಪು ಪರದೆಯ ಎದುರು ಏನೋ ಕುಟ್ಟುತ್ತ ಕೂತಿದ್ದನ್ನು ಕಿಟಕಿಯಿಂದ ಕಂಡಿದ್ದೆ. ಯಾವನಿಗೋ ಬರೀತಾಳೆ ಅಂತ ಶಿರವಾಡದ ಮನೆಮನೆಗೂ ಮಾರಲು ಹೋದ ಮೀನಿನ ಜೊತೆ ಸುದ್ದಿಯನ್ನೂ ನಾನೇ ಹಂಚಿ ಬಂದೆ.

ಮಧ್ಯಾಹ್ನ ಉಳಿದ ಬಂಗಡೆ ಮೀನು ಕೊಡುವ ನೆಪದಲ್ಲಿ ಒಳಗೆ ನುಗ್ಗಿದೆ. "ಯಾರಿಗೆ ಬರೀತೀಯೇ?" ಅಂದೆ.

"ಕಂಪ್ಯೂಟರಿಗೇ ಅಜ್ಜಿ," ಅಂದಳು. ಪರದೆ ಮೇಲೆ ಚಿತ್ರ ಮೂಡಿಸುವ ಡ್ರೈವರ್ ಅನ್ನೋ ಪ್ರೋಗ್ರಾಂ ಹೊಸದು ಹಾಕಿದ್ದಳಂತೆ, ಅದು ಕಂಪ್ಯೂಟರ್ ನಡೆಸುವ ಲಿನಕ್ಸ್‌ಗೆ ಹೊಂದದೆ ಪರದೆ ಕಪ್ಪಾಗಿ ಬರೀ ಬಿಳಿ ಅಕ್ಷರ ಉಳಿದಿತ್ತಂತೆ. ಅಂಕೋಲಾದಲ್ಲಿ ನೀರಿಗಿಳಿಯುವ ಹೊಸ ದೋಣಿಗೆ ಅಂಟಿಸಲು ಅವಳು ಬರೆದ ದೇವಿಯ ಚಿತ್ರ ಅದರೊಳಗೇ ಸಿಕ್ಕಿಕೊಂಡಿತ್ತು. ಸಂಜೆಯೊಳಗೆ ಕೊಡದಿದ್ದರೆ ಅವಳ ಮೊದಲ ಕೆಲಸವೇ ಕೈತಪ್ಪುತ್ತಿತ್ತು.

ಕಪ್ಪಿನ ಮೇಲೆ ಬಿಳಿ ಅಕ್ಷರ ಕುಟ್ಟುತ್ತ ಹೊಸ ಡ್ರೈವರನ್ನು ಕಿತ್ತಳು, ಹಳೆಯದನ್ನು ಕೂರಿಸಿದಳು, ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದಳು. ಮಿಣಕ್ಕನೆ ಬೆಳಕು ಬಂತು, ಅವಳು ಚಿತ್ರ ತೆರೆದಳು, ಅದರೊಳಗಿಂದ ದೇವಿ ತಾಯಿ ಎದ್ದು ಬಂದಳು, ಮೂಗುತಿಯ ಹೊಳಪು ಸಮೇತ! ಬುಟ್ಟಿ ಕೆಳಗಿಟ್ಟು ಮೀನಿನ ಕೈಯಲ್ಲೇ ಮುಗಿದುಬಿಟ್ಟೆ.

ತಿರುಗಿದರೆ ಬಾಗಿಲಲ್ಲಿ ಸುಶೀಲಾಬಾಯಿ. ನಾನು ಹಂಚಿದ ಸುದ್ದಿ ಅವಳ ಕಿವಿಗೂ ಬಿದ್ದಿತ್ತು. "ಈಗ ಯಾಕೆ ಬಾಯಿ ಮುಚ್ಚಿದೆ ಮಾರಾಯ್ತಿ?" ಅಂದಳು ಮುಖಕ್ಕೇ. "ಕಪ್ಪು ಪರದೆಯನ್ನು ಯಾವ್ಯಾವ ಮನೆಗೆ ಹಂಚಿದ್ದೀಯೋ, ಆ ಮನೆಗಳಿಗೆಲ್ಲ ಈ ಬೆಳಕನ್ನೂ ಮುಟ್ಟಿಸಿ ಬಾ."