ಮುಳುಗಿದವರ ಬಟ್ಟೆ ತೊಳೆಯುವ ಎರ್ಮಿಂಡಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪುಂತಾ ಕೋಯಿಯಲ್ಲಿ ತೊರೆ ಕಡಲು ಸೇರುವ ಜಾಗಕ್ಕಿಂತ ತುಸು ಮೇಲೆ, ಎರ್ಮಿಂಡಾ ಚಿಗುವಾಯ್ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಾರೆ. ಕೈಯಲ್ಲೊಂದು ಗಂಡಸಿನ ಅಂಗಿ. ಅದನ್ನು ಕಲ್ಲಿಗೆ ಬಡಿಯುವುದಿಲ್ಲ, ಉಜ್ಜುವುದಿಲ್ಲ, ಹಿಂಡುವುದೂ ಇಲ್ಲ. ಎಳೆಗೂಸಿಗೆ ನೀರು ಹಾಕುವವರ ಹಾಗೆ ಕಂಕುಳಿಗೆ ಕೈ ಕೊಟ್ಟು ಎತ್ತುತ್ತಾರೆ, ಮತ್ತೆ ಇಳಿಸುತ್ತಾರೆ. ಆಮೇಲೆ ತೋಳಿನ ತುದಿಯನ್ನು ನಾಲಗೆಗೆ ತಾಗಿಸಿ ನೋಡುತ್ತಾರೆ. ಉಪ್ಪು ಇನ್ನೂ ಇದೆ. ಮತ್ತೆ ಅದ್ದುತ್ತಾರೆ.

“ಸಾಬೂನು ಹಾಕಲ್ವಾ?” ಎಂದು, ಇವರ ಬಗ್ಗೆ ಬರೆಯಲು ಬಂದ ನಾನು ದಡದಿಂದ ಕೂಗುತ್ತೇನೆ.

“ಸಾಬೂನಿನ ವಾಸನೆ ಎಲ್ಲರ ಮನೇಲೂ ಒಂದೇ ಕಣಪ್ಪ. ಬಂದವಳು ಮೊದಲು ಮೂಗಿಗೆ ಹಿಡೀತಾಳೆ. ಗಂಡನ್ನ ಹುಡುಕ್ಕೊಂಡು ಬಂದವಳಿಗೆ ನನ್ನ ಸಾಬೂನು ಮೂಸಿಸ್ಲಾ?”

ಇವು ‘ಸಾನ್ ಫಾಬಿಯಾನ್’ ಹಡಗಿನವರ ಬಟ್ಟೆಗಳು. ದಕ್ಷಿಣದ ಮಗಾಲ್ಯಾನೆಸ್‌ನ ಎಸ್ಟೇಟುಗಳಲ್ಲಿ ಕುರಿಗಳ ಉಣ್ಣೆ ಕತ್ತರಿಸಿ ಊರಿಗೆ ಮರಳುತ್ತಿದ್ದ ನಮ್ಮ ಚಿಲೋಯೆ ದ್ವೀಪದ ಗಂಡಸರನ್ನು ತುಂಬಿಕೊಂಡು ಬಂದ ಹಬೆ ಹಡಗದು. ಕಳೆದ ಏಪ್ರಿಲ್‌ನಲ್ಲಿ ಮಂಜು ಮುಸುಕಿದ ಒಂದು ಬೆಳಿಗ್ಗೆ ಇಲ್ಲಿನ ಬಂಡೆಸಾಲಿಗೆ ಬಡಿಯಿತು. ಅದೇ ತಿಂಗಳು ಉತ್ತರದ ಕಡಲಿನಲ್ಲಿ ಮಂಜುಗಡ್ಡೆಗೆ ಬಡಿದು ಮುಳುಗಿದ ಸಾಹುಕಾರರ ಹಡಗಿನ ಸುದ್ದಿಯನ್ನು ನಮ್ಮ ಪತ್ರಿಕೆಗಳು ವಾರಗಟ್ಟಲೆ ಹಾಕಿದವು. ಯಾರು ಯಾವ ಕೋಟು ತೊಟ್ಟಿದ್ದರು ಎಂಬುದೂ ಬಂತು. ಸಾನ್ ಫಾಬಿಯಾನ್‌ಗೆ ಸಿಕ್ಕಿದ್ದು ನಾಲ್ಕು ಸಾಲು, ಅದರಲ್ಲೂ ಅರ್ಧ ಉಣ್ಣೆ ಮೂಟೆಗಳು ಹಾಳಾದ ಬಗ್ಗೆ. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಒಡೆದ ಹಡಗು ಬಂಡೆಯ ಮೇಲೆಯೇ ಕೂತಿದೆ. ಬಿರುಗಾಳಿ ಎದ್ದಾಗಲೆಲ್ಲ ಅದರ ಹೊಟ್ಟೆಯಿಂದ ಪೆಟ್ಟಿಗೆಯೋ ಗಂಟೋ ಹೊರಬಿದ್ದು ದಡಕ್ಕೆ ಬರುತ್ತದೆ. ಸಿಕ್ಕ ಹೆಣಗಳು ಬೆರಳೆಣಿಕೆಯಷ್ಟು. ಬಟ್ಟೆಗಳು ಮಾತ್ರ ಅಕ್ಟೋಬರ್ ಮುಗಿಯುತ್ತಾ ಬಂದರೂ ಒಂದೊಂದಾಗಿ ಬರುತ್ತಲೇ ಇವೆ.

ನಮ್ಮಲ್ಲಿ ಹೆಣ ಸಿಗದಿದ್ದರೆ ಬಟ್ಟೆಯಾದರೂ ಬೇಕು. ಅದನ್ನೇ ಮೇಜಿನ ಮೇಲೆ ಮಲಗಿಸಿ, ಮೇಣದ ಬತ್ತಿ ಹಚ್ಚಿ ಜಾಗರಣೆ ಕೂರುತ್ತಾರೆ, ಒಂಬತ್ತು ದಿನ ಜಪ ನಡೆಸುತ್ತಾರೆ. ಅದೂ ಇಲ್ಲವೆಂದರೆ ಜಾಗರಣೆಯಿಲ್ಲ. ಜಪವಾಗದೆ ಹೋದವನು ಕಡಲಿನ ತಳದಲ್ಲಿ ಬಿಟ್ಟಿ ಚಾಕರಿ ಮಾಡುತ್ತಲೇ ಇರುತ್ತಾನೆ ಎಂದು ನಮ್ಮ ಹೆಂಗಸರು ನಂಬುತ್ತಾರೆ. ಅದಕ್ಕೇ ಗುಡ್ಡ ಹತ್ತಿ ಇಳಿದು, ಕೆಸರು ತುಳಿದು ಎರ್ಮಿಂಡಾರ ಗುಡಿಸಲಿಗೆ ಬರುತ್ತಾರೆ. ಸೂರಿನ ಕೆಳಗೆ ಕಟ್ಟಿದ ಹಗ್ಗದಲ್ಲಿ ತೂಗುವ ಬಟ್ಟೆಗಳನ್ನು ಮುಟ್ಟಿ, ಮೂಸಿ, ತಿರುವಿ ನೋಡುತ್ತಾರೆ. ಯಾರೂ ಒಯ್ಯದೆ ಉಳಿದದ್ದನ್ನು ಸತ್ತವರ ಹಬ್ಬದ ದಿನ ಪಾದ್ರಿಗಳು ಬಂದು ಒಂದೇ ಗುಂಡಿಯಲ್ಲಿ ಹೂಳುತ್ತಾರೆ. ನಾನು ಇಲ್ಲಿಗೆ ಬಂದಾಗ ಹಬ್ಬಕ್ಕೆ ಎರಡೇ ದಿನ ಬಾಕಿ.

ಎರ್ಮಿಂಡಾ ಹುಟ್ಟಿದ್ದು ಇದೇ ದಂಡೆಯಲ್ಲಿ. ಮದುವೆಯಾಗಿಲ್ಲ. “ಕೇಳ್ಕೊಂಡು ಬಂದೋರು ಇಬ್ಬರು. ಒಬ್ಬನಿಗೆ ಹಲ್ಲಿರ್ಲಿಲ್ಲ, ಇನ್ನೊಬ್ಬನಿಗೆ ಮನೆ ಇರ್ಲಿಲ್ಲ” ಎಂದು ನಗುತ್ತಾರೆ. ಅವರು ಹುಡುಗಿಯಾಗಿದ್ದಾಗ ಮರ ಸಾಗಿಸುವ ಹಾಯಿಹಡಗೊಂದು ಇಲ್ಲಿ ಒಡೆಯಿತಂತೆ. ಊರವರು ಒಳ್ಳೆಯ ಬೂಟು, ಕೋಟು ಹೆಕ್ಕಿಕೊಂಡು ಹೋದರು. “ಹರಿದಿದ್ದನ್ನ ಯಾರೂ ಮುಟ್ಲಿಲ್ಲ. ಪಾಚಿ ಜೊತೆ ಅನಾಥವಾಗಿ ಬಿದ್ದಿತ್ತು. ನೋಡೋಕಾಗ್ಲಿಲ್ಲ, ತೊಳೆದೆ” ಎನ್ನುತ್ತಾರೆ. ಅಂದಿನಿಂದ ತೊಳೆಯುತ್ತಲೇ ಇದ್ದಾರೆ. ಯಾರೂ ನೇಮಿಸಿದ್ದಲ್ಲ, ಸಂಬಳವೂ ಇಲ್ಲ. ಹೊಟ್ಟೆಪಾಡಿಗೆ ಹಿತ್ತಲಿನ ಆಲೂಗಡ್ಡೆ, ಇಳಿತದ ಹೊತ್ತಿಗೆ ಬಂಡೆಯಿಂದ ಕೀಳುವ ಚಿಪ್ಪುಮೀನು. ತಣ್ಣೀರಲ್ಲಿ ನೆನೆದು ನೆನೆದು ಬೆರಳ ಗೆಣ್ಣುಗಳು ಊದಿವೆ.

ಊರಿಗೆ ಇವರೆಂದರೆ ಪ್ರೀತಿ ಇಲ್ಲದೆ ಇಲ್ಲ, ಆದರೆ ಭಯ ಜಾಸ್ತಿ. ಮುಳುಗಿದವರ ಬಟ್ಟೆ ಮುಟ್ಟುವವಳ ಬೆನ್ನಿಗೆ ಮುಳುಗಿದವರೂ ಬರುತ್ತಾರಂತೆ. ಮೀನುಗಾರರು ಇವರನ್ನು ದೋಣಿಗೆ ಹತ್ತಿಸುವುದಿಲ್ಲ. ಹಬ್ಬ ಹರಿದಿನಕ್ಕೆ ತಿಂಡಿಯ ಗಂಟನ್ನು ಬೇಲಿಗೆ ಸಿಕ್ಕಿಸಿ ಹೋಗುತ್ತಾರೆಯೇ ಹೊರತು ಒಳಗೆ ಬಾ ಎಂದು ಯಾವ ಮನೆಯವರೂ ಕರೆಯುವುದಿಲ್ಲ. ಇವರ ಹಗ್ಗದಿಂದ ಬಟ್ಟೆ ಒಯ್ದವರೂ ಜಾಗರಣೆಗೆ ಕರೆದದ್ದಿಲ್ಲ.

“ಬೇಜಾರಾಗಲ್ವಾ?”

“ಮಾತಾಡೋಕೆ ಆಸೆ ಆಗುತ್ತೆ. ಈ ಅಂಗಿಗಳ ಹತ್ರ ಮಾತಾಡ್ತೀನಿ. ಕೇಳಿಸ್ಕೊಳ್ತವೆ, ಉತ್ತರ ಕೊಡಲ್ಲ. ನಮ್ಮೂರ ಗಂಡಸ್ರ ಥರಾನೇ.”

ಎರ್ಮಿಂಡಾರದು ಒಂದೇ ಕಟ್ಟುನಿಟ್ಟು. ಎಷ್ಟೇ ಹರಿದಿರಲಿ, ಒಂದು ಹೊಲಿಗೆಯನ್ನೂ ಹಾಕುವುದಿಲ್ಲ, ಇರುವ ಹೊಲಿಗೆಯನ್ನು ಬಿಚ್ಚುವುದೂ ಇಲ್ಲ. ಹಿಂದೊಮ್ಮೆ ಒಂದು ಕೋಟಿನ ಮೊಣಕೈಗೆ ಒಪ್ಪವಾಗಿ ತೇಪೆ ಹಾಕಿದ್ದರಂತೆ, ಹರಕು ಬಟ್ಟೆಯನ್ನು ಕೊಡುವುದು ಹೇಗೆ ಎಂಬ ಸಂಕೋಚಕ್ಕೆ. ಮಗನನ್ನು ಹುಡುಕುತ್ತಾ ಬಂದ ತಾಯಿಯೊಬ್ಬರು ಅದನ್ನೇ ಬಹಳ ಹೊತ್ತು ಹಿಡಿದುಕೊಂಡು ನಿಂತರು. ಕೊನೆಗೆ, ನನ್ನ ಮಗನದು ಮೊಣಕೈ ಹರಿದಿತ್ತು, ಇದಲ್ಲ ಎಂದು ಹಗ್ಗಕ್ಕೆ ಹಾಕಿ ಹೊರಟುಹೋದರು.

“ಅದು ಅವನದೋ ಅಲ್ವೋ ನನಗೆ ಗೊತ್ತಿಲ್ಲ” ಎನ್ನುವಾಗ ಎರ್ಮಿಂಡಾ ನನ್ನತ್ತ ನೋಡುವುದಿಲ್ಲ. “ಗೊತ್ತಾಗೋಕೆ ನನ್ನ ಸೂಜಿ ಬಿಡ್ಲಿಲ್ಲ.”

ಹೊತ್ತೇರುವಾಗ ಲುದೋವಿನಾ ಬರುತ್ತಾಳೆ. ಗುಡ್ಡದಾಚೆ ಕೆರೆಯ ದಂಡೆಯ ಊರಿನವಳು, ಇನ್ನೂ ಚಿಕ್ಕ ವಯಸ್ಸು. ಅವಳ ಗಂಡ ಬೆಲಾರ್ಮಿನೋ ಊರಲ್ಲಿ ಮೀನುಗಾರ. ಎರಡು ವರ್ಷ ದಕ್ಷಿಣದಲ್ಲಿ ಉಣ್ಣೆ ಕತ್ತರಿಸಿ ಸಾನ್ ಫಾಬಿಯಾನ್ ಹತ್ತಿದ್ದ. ಚಳಿಗಾಲದಿಂದ ಲುದೋವಿನಾ ಇಲ್ಲಿಗೆ ಬಂದು ಬರಿಗೈಯಲ್ಲಿ ಹೋಗುತ್ತಿದ್ದಾಳೆ. ಈ ಸಲವೂ ಸಿಗದಿದ್ದರೆ ಇನ್ನು ಬರುವುದಕ್ಕೆ ಹಗ್ಗದಲ್ಲಿ ಏನೂ ಉಳಿದಿರುವುದಿಲ್ಲ.

ಅವಳು ಹಗ್ಗದ ಆ ತುದಿಯಿಂದ ಈ ತುದಿಯವರೆಗೆ ನೋಡುತ್ತಾಳೆ. “ನನ್ನ ಕೈ ಹೆಣಿಗೆ ಕತ್ತಲಲ್ಲೂ ಗೊತ್ತಾಗುತ್ತೆ ನನಗೆ. ಇಲ್ಲ ದೋನ್ಯಾ. ಇಲ್ಲ.” ದೋನ್ಯಾ ಎಂದರೆ ನಮ್ಮಲ್ಲಿ ಹಿರಿಯ ಹೆಂಗಸರನ್ನು ಗೌರವದಿಂದ ‘ಅಮ್ಮಾ’ ಎಂದ ಹಾಗೆ.

“ಇನ್ನೊಂದು ಸಲ ನೋಡು ಮಗಳೇ. ಅವಸರ ಏನಿದೆ?”

ಲುದೋವಿನಾ ಒಂದು ಒಂಟಿ ಕಾಲುಚೀಲವನ್ನು ಹಿಡಿದೆಳೆದು ನೋಡುತ್ತಾಳೆ. ಹಿಮ್ಮಡಿ ಪೂರ್ತಿ ದಪ್ಪ ಹುರಿಯಿಂದ ಅಡ್ಡಾದಿಡ್ಡಿ ಬಿಗಿದಿದೆ, ಉಣ್ಣೆ ಮೂಟೆ ಹೊಲಿಯುವ ಹುರಿ. “ಇದ್ಯಾರ ಗೋಣಿಚೀಲ? ಹೊಲಿದವಳಿಗೆ ಗಂಡನ ಮೇಲೆ ಎಷ್ಟು ಸಿಟ್ಟಿತ್ತೋ!”

ಎರ್ಮಿಂಡಾ ನಗುವುದಿಲ್ಲ. “ಅಲ್ಲಿ ನಿನ್ನ ಗಂಡನ ಬಟ್ಟೆ ಹರಿದ್ರೆ ಯಾರು ಹೊಲೀತಿದ್ರು?”

“ಯಾರು ಹೊಲೀತಾರೆ? ಅವನಿಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ.”

“ಎರಡು ವರ್ಷ ಹಾಕ್ಕೊಂಡಿದ್ದು ತೂತು ಬೀಳಲ್ವೇನೇ?”

ಲುದೋವಿನಾಳ ಮುಖದ ಬಣ್ಣ ಬದಲಾಗುತ್ತದೆ. “ಕತ್ತರಿ ಕೊಡಿ” ಎನ್ನುತ್ತಾಳೆ. “ಈ ಹುರಿ ಬಿಚ್ತೀನಿ. ಅಡೀಲಿ ನನ್ನ ಹೆಣಿಗೆ ಇದ್ರೆ ಕಾಣುತ್ತೆ.”

ಎರ್ಮಿಂಡಾ ಕಾಲುಚೀಲವನ್ನು ಕಿತ್ತುಕೊಂಡು ಎದೆಗವಚಿ ಹಿಡಿಯುತ್ತಾರೆ. “ಕೊಡಲ್ಲ.”

“ನನ್ನ ಗಂಡಂದು ಅದು!”

“ಅಲ್ದೆ ಇದ್ರೆ? ನಾಳೆ ಇನ್ನೊಬ್ಬಳು ಈ ಹುರಿ ಗುರುತು ಹಿಡ್ಕೊಂಡೇ ಬಂದ್ರೆ ಅವಳಿಗೆ ಏನ್ ತೋರಿಸ್ಲಿ? ನಿನ್ನ ಕತ್ತರಿನಾ?”

ಇಬ್ಬರ ಕಣ್ಣಲ್ಲೂ ನೀರು. ಕೊನೆಗೆ ಎರ್ಮಿಂಡಾ ಮೆತ್ತಗಾಗುತ್ತಾರೆ. “ಕಣ್ಣು ಮುಚ್ಚು. ಹೆಣೆಯೋವಾಗ ಹಿಮ್ಮಡಿ ಅಳತೆಗೆ ಒಳಗೆ ಮುಷ್ಟಿ ಇಟ್ಟು ನೋಡ್ತೀಯಲ್ಲ, ಹಂಗೇ ನೋಡು.”

ಲುದೋವಿನಾ ಕಾಲುಚೀಲದೊಳಗೆ ಕೈ ಇಡುತ್ತಾಳೆ. ಹುರಿಯ ಒರಟು ಒಳಗೂ ಇದೆ. ಅದನ್ನು ದಾಟಿ ಬೆರಳುಗಳು ಮೆಲ್ಲಗೆ ಸರಿದಾಡುತ್ತವೆ, ಒಂದು ಕಡೆ ನಿಲ್ಲುತ್ತವೆ.

“ಎರಡು ಸಾಲು ಜಾಸ್ತಿ ಇದೆ” ಎನ್ನುತ್ತಾಳೆ. “ಅವನು ಹಿಮ್ಮಡಿ ಊರಿ ಧಪಧಪ ಅಂತ ನಡೀತಾನೆ. ಅದಕ್ಕೆ ಎರಡು ಸಾಲು ಜಾಸ್ತಿ ಹೆಣೀತೀನಿ ನಾನು. ಒಳಗಡೆಗೆ. ನಮ್ಮಮ್ಮನಿಗೂ ಹೇಳಿಲ್ಲ ಇದನ್ನ.”

ಆಮೇಲೆ ಕಣ್ಣು ಬಿಟ್ಟು ಹೊರಗಿನ ಹುರಿಯನ್ನು ಹೊಸದಾಗಿ ನೋಡುತ್ತಾಳೆ. “ಅಯ್ಯೋ, ಬಲೆಗಂಟು! ಕಾಲುಚೀಲಕ್ಕೆ ಬಲೆಗಂಟು ಹಾಕಿದಾನೆ ನೋಡಿ ದೋನ್ಯಾ, ನನ್ನ ದಡ್ಡ! ಇದನ್ನ ಹಾಕ್ಕೊಂಡು ಹೆಂಗಪ್ಪಾ ನಡೆದೆ ನೀನು?” ನಗಲು ಶುರು ಮಾಡಿದವಳು ಅಳುತ್ತಾ ಮರಳ ಮೇಲೆ ಕೂತುಬಿಡುತ್ತಾಳೆ. ಎರ್ಮಿಂಡಾ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರುತ್ತಾರೆ. ನಾನೂ ಅಳುತ್ತೇನೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಹೊರಡುವಾಗ ಲುದೋವಿನಾ, “ಜಾಗರಣೆಗೆ ನೀವೂ ಬನ್ನಿ” ಎನ್ನುತ್ತಾಳೆ.

“ನಾನಾ? ಬೇಡ ಕಣೇ. ನಿಮ್ಮತ್ತೆ ಏನಂತಾರೋ. ಅವನು ಮನೆ ಸೇರಿದ್ರೆ ಸಾಕು.”

“ನನ್ನ ಕತ್ತರಿಯಿಂದ ಅವನ್ನ ಉಳಿಸಿದೋರು ನೀವು. ಬರ್ದೆ ಇದ್ರೆ ನಾನೂ ಹೋಗಲ್ಲ.”

ನನಗೂ ಅದೇ ದಾರಿ. ಮೂವರೂ ಗುಡ್ಡ ಹತ್ತುತ್ತೇವೆ. ಸಂಜೆಯ ಹೊತ್ತಿಗೆ ಕೆರೆಯ ದಂಡೆಯ ಆ ಮನೆಯಲ್ಲಿ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ನಡುವೆ ಆ ಒಂಟಿ ಕಾಲುಚೀಲ ಇಟ್ಟು, ಮೇಣದ ಬತ್ತಿ ಹಚ್ಚಿದ್ದಾರೆ. ನೆರೆಯವರು ಗೋಡೆಗುಂಟ ಬೆಂಚುಗಳ ಮೇಲೆ ಕೂತಿದ್ದಾರೆ. ಎರ್ಮಿಂಡಾ ಬಾಗಿಲ ಬಳಿಯ ಬೆಂಚಿನ ತುದಿಯಲ್ಲಿ ಕೂತು, ಊದಿದ ಬೆರಳುಗಳನ್ನು ಶಾಲಿನೊಳಗೆ ಮುಚ್ಚಿಕೊಂಡಿದ್ದಾರೆ. ಪಕ್ಕದಲ್ಲಿದ್ದವರು ತುಸು ಸರಿದು ಕೂರುತ್ತಾರೆ.

ಮಟೆ ಎಲೆಯ ಬಿಸಿ ಕಷಾಯದ ಸೋರೆಬುರುಡೆ ಸುತ್ತು ಬರುತ್ತದೆ. ಎಲ್ಲರಿಗೂ ಒಂದೇ ಬುರುಡೆ, ಒಂದೇ ಕೊಳವೆ. ಒಬ್ಬರು ಹೀರಿ ಮುಗಿಸಿದ ಮೇಲೆ ಮತ್ತೆ ನೀರು ತುಂಬಿ ಮುಂದಿನವರಿಗೆ. ಎರ್ಮಿಂಡಾರ ಸರದಿ ಬಂದಾಗ ಬುರುಡೆ ಅವರ ಮೊಣಕಾಲ ಮುಂದಿನಿಂದಲೇ ದಾಟಿ ಆಚೆ ಹೋಗುತ್ತದೆ. ಎರ್ಮಿಂಡಾ ನೆಲ ನೋಡುತ್ತಾರೆ.

“ಅದ್ಯಾಕೆ ಹಾರಿಸ್ತೀಯಾ?”

ಕೇಳಿದವರು ಬೆಲಾರ್ಮಿನೋನ ತಾಯಿ, ಮುದುಕಿ ದೋನ್ಯಾ ತ್ರಾನ್ಸಿತೋ. ಒಲೆಯ ಬಳಿಯಿಂದ ಎದ್ದು ಬಂದು ಬುರುಡೆ ಇಸಿದುಕೊಂಡು, ತಾವೇ ನೀರು ತುಂಬಿ ಎರ್ಮಿಂಡಾರ ಮುಂದೆ ಹಿಡಿಯುತ್ತಾರೆ. “ಕುಡಿ ತಂಗಿ. ನನ್ನ ಮಗನ ಮೈಯಿಂದ ಉಪ್ಪು ತೆಗೆದವಳು ನೀನು.”

ಎರ್ಮಿಂಡಾ ಶಾಲಿನಿಂದ ಕೈ ಹೊರಗೆ ತೆಗೆಯುತ್ತಾರೆ. ತಳದ ನೀರು ಗೊರಗೊರ ಎನ್ನುವವರೆಗೂ ಹೀರುತ್ತಾರೆ. ತ್ರಾನ್ಸಿತೋ ಬುರುಡೆ ವಾಪಸು ತೆಗೆದುಕೊಂಡು, ಮತ್ತೆ ತುಂಬಿ, ಕೊಳವೆ ಒರೆಸದೆ ಎಲ್ಲರೆದುರೇ ತಾವು ಕುಡಿಯುತ್ತಾರೆ. ಆಮೇಲೆ ಬುರುಡೆ ಬೆಂಚಿನಿಂದ ಬೆಂಚಿಗೆ ಹೋಗುತ್ತದೆ, ಎರ್ಮಿಂಡಾರವರೆಗೆ ಇನ್ನೊಮ್ಮೆ ಬರುತ್ತದೆ. ಈ ಸಲ ಯಾರೂ ಹಾರಿಸುವುದಿಲ್ಲ.

ನಮ್ಮಲ್ಲಿ ಬುರುಡೆ ಹಿಂದಿರುಗಿಸುವಾಗ ‘ಗ್ರಾಸಿಯಾಸ್’ ಎಂದು ಉಪಕಾರ ಸ್ಮರಿಸಿದರೆ, ನನಗಿನ್ನು ಸಾಕು, ಮುಂದಿನ ಸುತ್ತಿಗೆ ನನ್ನನ್ನು ಬಿಟ್ಟುಬಿಡಿ ಎಂದರ್ಥ. ಅದನ್ನು ಹೇಳುವವರೆಗೂ ಸರದಿ ತಪ್ಪುವುದಿಲ್ಲ. ಸುತ್ತಿನ ಮೇಲೆ ಸುತ್ತು ಬರುತ್ತದೆ. ಒಬ್ಬೊಬ್ಬರಾಗಿ ಗ್ರಾಸಿಯಾಸ್ ಎನ್ನುತ್ತಾರೆ, ನಾನೂ ಎನ್ನುತ್ತೇನೆ.

ಎರ್ಮಿಂಡಾ ಪ್ರತಿ ಸಲವೂ ಬುರುಡೆಯನ್ನು ಎರಡೂ ಕೈಯಿಂದ ಹಿಂದಿರುಗಿಸುತ್ತಾರೆ. ಗ್ರಾಸಿಯಾಸ್ ಮಾತ್ರ ಅನ್ನುವುದಿಲ್ಲ.